ಹಳ್ಳದಲ್ಲಿ ಸಾಲ್ಮನ್ ಎಣಿಸೋಕೆ ಸೇರಿಕೊಳ್ಳಲಾ? ಮೀನಿನ ಗಂಧಗಾಳಿ ಇಲ್ಲದವಳ ಪ್ರಶ್ನೆ

ಸಾಗರದ ಸೊಸೆ · ಅಕ್ಟೋಬರ್ 6

ಎಲ್ಲರಿಗೂ ನಮಸ್ಕಾರ. ನಾವು ಆಗಸ್ಟ್‌ನಲ್ಲಿ ರೆಡ್ಮಂಡ್ ಬಿಟ್ಟು ಬ್ಯೂರಿಯನ್‌ಗೆ ಬಂದೆವು. ನಮ್ಮನೆಯವರ ಆಫೀಸು ಸಿಯಾಟಲ್ ಏರ್‌ಪೋರ್ಟ್ ಕಡೆಗೆ ಬದಲಾಯಿತು, ಅದಕ್ಕೆ. ಮನೆಯಿಂದ ಸ್ವಲ್ಪ ದೂರ ನಡೆದರೆ ಮಿಲ್ಲರ್ ಕ್ರೀಕ್ ಅಂತ ಇದೆ. ಕ್ರೀಕ್ ಅಂದರೆ ನಮ್ಮ ಕಡೆ ಅಡಿಕೆ ತೋಟದ ಅಂಚಿನಲ್ಲಿ ಹರಿಯುವ ಹಳ್ಳ ಇರುತ್ತದಲ್ಲ, ಹೆಚ್ಚುಕಡಿಮೆ ಅಷ್ಟೇ. ಕೆಲವು ಕಡೆ ಸೀರೆ ಸ್ವಲ್ಪ ಎತ್ತಿ ಹಿಡಿದರೆ ದಾಟಬಹುದು.

ಮೊನ್ನೆ ಲೈಬ್ರರಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಸಮುದ್ರದಿಂದ ಮೊಟ್ಟೆ ಇಡೋಕೆ ಹಳ್ಳ ಹತ್ತಿ ಬರುವ ಸಾಲ್ಮನ್ ಮೀನುಗಳನ್ನ ಎಣಿಸೋಕೆ ಜನ ಬೇಕಂತೆ. ಡಿಸೆಂಬರ್ ತನಕ, ವಾರದಲ್ಲಿ ಒಂದು ದಿನ, ಒಂದೆರಡು ಗಂಟೆ. ತರಬೇತಿ ಅವರೇ ಕೊಡುತ್ತಾರಂತೆ. ಓದಿದಾಗಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಆದರೆ ಅನುಮಾನಗಳು ಸಾಕಷ್ಟಿವೆ.

ಮೊದಲನೆಯದು, ನಾವು ಮೀನು ತಿನ್ನುವವರಲ್ಲ. ನನಗೆ ಅಂಗಡಿಯಲ್ಲಿ ಐಸ್ ಮೇಲೆ ಇಟ್ಟಿರುವ ಮೀನುಗಳೆಲ್ಲ ಒಂದೇ ಥರ ಕಾಣುತ್ತವೆ, ಇನ್ನು ನೀರಿನಲ್ಲಿ ಓಡಾಡುವ ಮೀನಿನ ಜಾತಿ ಹೇಳು ಅಂದರೆ ಏನು ಹೇಳಲಿ? ಚೀಟಿಯಲ್ಲಿ ‘ಸತ್ತ ಮೀನುಗಳ ಪರೀಕ್ಷೆ’ ಅಂತ ಬೇರೆ ಇತ್ತು. ಅಂದರೆ ಕುಯ್ಯಬೇಕಾ? ಅದನ್ನ ಓದಿ ಹೊಟ್ಟೆ ಒಂಥರಾ ಆಯಿತು, ನಿಜ ಹೇಳಬೇಕೆಂದರೆ. ಆಮೇಲೆ ನಾನು ಎಚ್4, ಅಂದರೆ ಗಂಡನ ಕೆಲಸದ ವೀಸಾಗೆ ಅಂಟಿಕೊಂಡು ಸಿಗುವ ವೀಸಾದಲ್ಲಿ ಇದ್ದೇನೆ, ಇಂಥದ್ದಕ್ಕೆಲ್ಲ ಸೇರಬಹುದಾ?

ಇನ್ನೊಂದು ವಿಷಯ ಅತ್ತೆಯದು. ಊರಿಂದ ಆರು ತಿಂಗಳಿಗೆ ಬಂದಿದ್ದಾರೆ, ವಯಸ್ಸು 68, ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ. ಚೀಟಿಯಲ್ಲಿ ಇದ್ದದ್ದನ್ನ ನಾನು ಕನ್ನಡದಲ್ಲಿ ಹೇಳಿದ ತಕ್ಷಣ ‘ಅಯ್ಯೋ, ಇದು ನಮ್ಮ ಹತ್ತುಮೀನು ಅಲ್ವೇನೇ’ ಅಂದರು. ತಾವೂ ಬರುತ್ತೇನೆ ಅಂತ ಹಟ. ಕರೆದುಕೊಂಡು ಹೋಗಬಹುದಾ?

ಕೊನೇ ಪ್ರಶ್ನೆ. ಇದರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ನಮ್ಮಂಥವರಿಗೆ ಹೊತ್ತು ಹೋಗಲಿ ಅಂತ ಮಾಡಿಸುವ ಕೆಲಸವಾ? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಹಳೇ ಗಂಬೂಟು · ಅಕ್ಟೋಬರ್ 6

ಇದ್ದೇನೆ ಮೇಡಂ. ಇದು ನನ್ನ ಏಳನೇ ವರ್ಷ. ಮೊದಲು ಬೆಲ್‌ವ್ಯೂನ ಕೆಲ್ಸಿ ಕ್ರೀಕ್, ಆಮೇಲೆ ನಿಮ್ಮ ಕಡೆಯ ಹಳ್ಳಗಳು. ಕಣ್ಣು ಮುಚ್ಚಿಕೊಂಡು ಸೇರಿಕೊಳ್ಳಿ. ಅಲ್ಲ, ಕಣ್ಣು ತೆರೆದುಕೊಂಡೇ ಸೇರಿಕೊಳ್ಳಿ, ಅಲ್ಲಿ ಕಣ್ಣಿಗೇ ಕೆಲಸ.

ವೀಸಾದ್ದು ಮೊದಲು ಮುಗಿಸಿಬಿಡುತ್ತೇನೆ. ಇದು ಸಂಬಳ ಇಲ್ಲದ ಸೇವೆ, ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸಾನೂ ಅಲ್ಲ. ನಮ್ಮ ತಂಡದಲ್ಲಿ ಎಚ್4ನವರು ಮೂವರು ಇದ್ದರು, ಯಾರಿಗೂ ಏನೂ ತೊಂದರೆ ಆಗಿಲ್ಲ.

ಜಾತಿ ಗುರುತಿಸೋದು ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ನಮ್ಮ ಕಡೆ ಬರುವುದು ಐದು ಜಾತಿ. ಚಿನೂಕ್, ಕೋಹೋ, ಸಾಕೈ, ಚಮ್, ಪಿಂಕ್. ಪಿಂಕ್ ಈ ಕಡೆ ಹೆಚ್ಚಾಗಿ ಬೆಸ ಸಂಖ್ಯೆಯ ವರ್ಷಗಳಲ್ಲೇ ಬರೋದು. ಮಿಲ್ಲರ್ ಕ್ರೀಕಿನಲ್ಲಿ ನಿಮಗೆ ಮುಖ್ಯವಾಗಿ ಸಿಗುವುದು ಕೋಹೋ ಮತ್ತು ಚಮ್. ಈ ಎರಡನ್ನ ಕಲಿತರೆ ಸಾಕು. ಚಮ್‌ಗೆ ಮೈ ಪೂರ್ತಿ ಹಸಿರು, ನೇರಳೆ ಪಟ್ಟೆ, ಮಂಗಳೂರಿನ ಹುಲಿವೇಷದವರು ಬಣ್ಣ ಬಳಿದುಕೊಂಡ ಹಾಗೆ. ಕೋಹೋ ಗಂಡು ಆದರೆ ಮೈ ಪಕ್ಕ ಕೆಂಪು, ಮೂತಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಸತ್ತು ಬಿದ್ದದ್ದಾದರೆ ಬಾಲ ಬಿಡಿಸಿ ನೋಡಬಹುದು, ಕೋಹೋಗೆ ಚುಕ್ಕೆ ಬಾಲದ ಮೇಲಿನ ಅರ್ಧದಲ್ಲಿ ಮಾತ್ರ, ಚಿನೂಕ್‌ಗೆ ಎರಡೂ ಅರ್ಧದಲ್ಲಿ. ಗೊತ್ತಾಗಲಿಲ್ಲವಾ, ‘ಗೊತ್ತಾಗಲಿಲ್ಲ’ ಅಂತ ಬರೆಯೋಕೆ ಹಾಳೆಯಲ್ಲಿ ಜಾಗ ಇದೆ. ಧೈರ್ಯವಾಗಿ ಬರೆಯಿರಿ. ಊಹೆ ಮಾಡಿ ಬರೆದ ಹೆಸರಿಗಿಂತ ಅದು ಎಷ್ಟೋ ವಾಸಿ. ಮೊದಲನೇ ವರ್ಷ ನಾನು ಒಂದು ಹರಿದ ಟಾರ್ಪಾಲಿನ ತುಂಡನ್ನ ಚಿನೂಕ್ ಅಂತ ಬರೆದುಕೊಂಡು ಇಪ್ಪತ್ತು ನಿಮಿಷ ಅದನ್ನೇ ನೋಡುತ್ತಾ ನಿಂತಿದ್ದೆ. ಚೆನ್ನಾಗಿ ಬಾಲ ಆಡಿಸುತ್ತಿತ್ತು.

ಒಂದು ಪೋಲರಾಯ್ಡ್ ಕನ್ನಡಕ ತೆಗೆದುಕೊಳ್ಳಿ. ಅಗ್ಗದ್ದೇ ಸಾಕು. ನೀರಿನ ಮೇಲೆ ಆಕಾಶದ ಹೊಳಪು ಇರುತ್ತದಲ್ಲ, ಅದು ಹೋಗಿ ತಳದ ಕಲ್ಲು ಕಾಣುತ್ತದೆ. ಅದಿಲ್ಲದೆ ಎಣಿಸೋಕೆ ಹೋಗೋದು ಮಂಜಿನಲ್ಲಿ ದನ ಹುಡುಕಿದ ಹಾಗೆ.

ಮೀನಿಗಿಂತ ಮೊದಲು ನೋಡೋಕೆ ಕಲಿಯಬೇಕಾದ್ದು ಗೂಡು. ಹೆಣ್ಣು ಮೀನು ಮಗ್ಗುಲಾಗಿ ಬಾಲ ಬಡಿದು ಬಡಿದು ಕಲ್ಲು ಸರಿಸಿ ಗುಂಡಿ ಮಾಡುತ್ತದೆ. ಅಲ್ಲಿ ಮೊಟ್ಟೆ ಇಡುತ್ತದೆ, ಮೇಲಿನಿಂದ ಇನ್ನಷ್ಟು ಕಲ್ಲು ಎಬ್ಬಿಸಿ ಮುಚ್ಚುತ್ತದೆ. ಸುತ್ತಲಿನ ಕಲ್ಲೆಲ್ಲ ಪಾಚಿ ಹಿಡಿದು ಕಂದು ಬಣ್ಣಕ್ಕೆ ಇದ್ದರೆ ಈ ಜಾಗ ಮಾತ್ರ ಬೂದಿ ಹಾಕಿ ತಿಕ್ಕಿದ ಪಾತ್ರೆಯ ಹಾಗೆ ಬೆಳ್ಳಗೆ ಇರುತ್ತದೆ. ಮುಂದೆ ಒಂದು ತಗ್ಗು, ಹಿಂದೆ ಒಂದು ದಿಬ್ಬ. ಒಂದು ಸಲ ಕಣ್ಣಿಗೆ ಬಿತ್ತು ಅಂದರೆ ಆಮೇಲೆ ಎಲ್ಲೆಲ್ಲೂ ಅದೇ ಕಾಣುತ್ತದೆ. ಅದರ ಮೇಲೆ ಕಾಲಿಡಬೇಡಿ, ಇದೊಂದು ವಿಷಯಕ್ಕೆ ನಾನು ಹೊಸಬರ ಮೇಲೆ ರೇಗಿದ್ದೂ ಇದೆ. ಒಂದು ಕೋಹೋ ಹೆಣ್ಣು ಎರಡೂವರೆ, ಮೂರು ಸಾವಿರ ಮೊಟ್ಟೆ ಇಡುತ್ತದೆ, ಒಂದು ಗಂಬೂಟು ಅದನ್ನ ಹಾಳು ಮಾಡೋಕೆ ಸಾಕು.

ಇನ್ನು ಕುಯ್ಯೋದು. ನಿಮ್ಮ ಭಯ ಅದೇ ಅಲ್ವಾ? ಕುಯ್ಯುತ್ತೇವೆ, ಸುಳ್ಳು ಹೇಳೋದಿಲ್ಲ. ಆದರೆ ಪ್ರತಿ ಸಲ ಅನುಭವ ಇರುವವರು ಒಬ್ಬರು ಜೊತೆಗಿರುತ್ತಾರೆ, ಚಾಕು ಅವರ ಕೈಯಲ್ಲಿ. ನೀವು ಹಾಳೆ ಹಿಡಿದು ಬರೆದುಕೊಂಡರೆ ಆಯಿತು. ಸತ್ತ ಮೀನಿನ ಉದ್ದ, ಗಂಡೋ ಹೆಣ್ಣೋ, ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆ ಇದೆಯೋ ಇಲ್ಲವೋ. ಆ ರೆಕ್ಕೆ ಕತ್ತರಿಸಿದ್ದರೆ ಮೀನು ಹ್ಯಾಚರಿಯದ್ದು, ಅಂದರೆ ಮೊಟ್ಟೆಯಿಂದ ಮರಿ ಮಾಡಿ ಬಿಡುವ ಕೇಂದ್ರದ್ದು. ಮರಿ ಇರುವಾಗಲೇ ಗುರುತಿಗೆ ಅಂತ ಕತ್ತರಿಸಿ ಬಿಡುತ್ತಾರೆ. ಹೆಣ್ಣಾದರೆ ಹೊಟ್ಟೆ ಸೀಳಿ ಮೊಟ್ಟೆ ಉಳಿದಿದೆಯಾ ನೋಡುತ್ತೇವೆ. ಯಾಕೆ ಅಂತ ಇನ್ನೊಂದು ಸಲ ಹೇಳುತ್ತೇನೆ, ಅದು ದೊಡ್ಡ ಕಥೆ. ನೋಡಿ ಮುಗಿದ ಮೇಲೆ ಬಾಲ ತುಂಡು ಮಾಡಿ ಮತ್ತೆ ನೀರಿಗೇ ಬಿಡುತ್ತೇವೆ. ನಾಳೆ ಬರುವವರು ಅದನ್ನೇ ಮತ್ತೆ ಎಣಿಸಬಾರದಲ್ಲ. ವಾಸನೆ ಇರುತ್ತದೆ. ಜಾಸ್ತಿಯೇ ಇರುತ್ತದೆ. ಮೂಗಿನ ಕೆಳಗೆ ಒಂಚೂರು ವಿಕ್ಸ್ ಹಚ್ಚಿಕೊಳ್ಳಿ.

ಅತ್ತೆಯವರನ್ನ ಹಳ್ಳಕ್ಕೆ ಇಳಿಸಬೇಡಿ, ಕಲ್ಲು ಜಾರುತ್ತದೆ. ಹಳ್ಳದ ಕೆಳಭಾಗ ಖಾಸಗಿ ಜಾಗದಲ್ಲಿ ಹೋಗುತ್ತದೆ, ಅನುಮತಿ ಇರುವ ತಂಡದ ಜೊತೆಗೇ ಹೋಗಬೇಕು, ಹಾಗಾಗಿ ಮೊದಲೇ ಕೇಳಿ. ಸೇತುವೆ ಮೇಲೆ ನಿಂತು ಎಣಿಸೋಕೆ ಯಾವ ವಯಸ್ಸಾದರೇನು. ಕಿಂಗ್ ಕೌಂಟಿಯಲ್ಲಿ 1996ರಲ್ಲಿ ಶುರುವಾದ ಸಾಲ್ಮನ್ ವಾಚರ್ ಅನ್ನುವ ಕಾರ್ಯಕ್ರಮ ಹೀಗೇ ನಡೆಯುತ್ತಿತ್ತು. ವಾರಕ್ಕೆ ಎರಡು ಸಲ ನಿಮಗೆ ಕೊಟ್ಟ ಜಾಗದಲ್ಲಿ ಹದಿನೈದು ನಿಮಿಷ ನಿಂತು ನೋಡೋದು, ಬರೆಯೋದು, ಮನೆಗೆ ಹೋಗೋದು. ಅದು ಈಗ ನಿಂತುಹೋಗಿದೆ, ಆದರೆ ನನಗಿಂತ ಹಳಬರು ಕಲಿತದ್ದು ಅಲ್ಲೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬಹಳ ದಿನ ನಿಮಗೆ ಏನೂ ಕಾಣೋದಿಲ್ಲ. ಮಳೆ, ಚಳಿ, ಖಾಲಿ ನೀರು. ಹಾಳೆಯಲ್ಲಿ ಸೊನ್ನೆ ಬರೆದು ಸಹಿ ಹಾಕಿ ಬರಬೇಕು. ಹೊಸಬರು ಮೂರು ಸೊನ್ನೆ ಆದ ಮೇಲೆ ಬರೋದು ಬಿಡುತ್ತಾರೆ, ಇಲ್ಲ ಅಂದರೆ ‘ಏನೂ ಇರಲಿಲ್ಲ, ಅದಕ್ಕೆ ಹಾಳೆ ಕಳಿಸಲಿಲ್ಲ’ ಅನ್ನುತ್ತಾರೆ. ಹಾಳೆ ಬರಲಿಲ್ಲ ಅಂದರೆ ಮೀನು ಬರಲಿಲ್ಲವೋ, ನೋಡೋಕೆ ನೀವು ಹೋಗಲಿಲ್ಲವೋ ಯಾರಿಗೆ ಗೊತ್ತಾಗಬೇಕು?


ಬೆಲ್‌ವ್ಯೂ ಬಡಪಾಯಿ · ಅಕ್ಟೋಬರ್ 7

ಯಾರೂ ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದು ಅರ್ಥವಾಗೋದಿಲ್ಲ. ಹ್ಯಾಚರಿಗಳಲ್ಲಿ ಲಕ್ಷಗಟ್ಟಲೆ ಮರಿ ಮಾಡಿ ಬಿಡುತ್ತಾರೆ. ಮೊಟ್ಟೆ ಇಟ್ಟ ಮೇಲೆ ದೊಡ್ಡ ಮೀನು ಹೇಗೂ ಸಾಯುತ್ತದೆ. ಸಾಯೋ ಮೀನನ್ನ ಮಳೆಯಲ್ಲಿ ನಿಂತು ಎಣಿಸಿದರೆ ಅದೇನು ಬದುಕುತ್ತದಾ? ಒಂದು ಕ್ಯಾಮರಾ ಇಟ್ಟರೆ ಕೆಲಸ ಮುಗಿಯಿತು. ನನ್ನ ಟೀಮಿನಲ್ಲಿ ಒಬ್ಬ ಒಂದೇ ಒಂದು ಭಾನುವಾರ ಹೋಗಿ ಬಂದು ಗಂಬೂಟು ಹಾಕಿದ ಫೋಟೋ ಹನ್ನೊಂದು ಕಡೆ ಹಾಕಿದ. ಉಪಯೋಗ ಏನು ಅಂತ ಸಾಗರದ ಸೊಸೆಯವರು ಕೇಳಿದ್ದಾರೆ, ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.


ಹಳೇ ಗಂಬೂಟು · ಅಕ್ಟೋಬರ್ 7

ಫೋಟೋ ವಿಷಯ ಒಪ್ಪಿದೆ ಸರ್. ಮಿಕ್ಕಿದ್ದಕ್ಕೆ ಆ ದೊಡ್ಡ ಕಥೆಯನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ವೆಸ್ಟ್ ಸಿಯಾಟಲ್‌ನಲ್ಲಿ ಲಾಂಗ್‌ಫೆಲೋ ಕ್ರೀಕ್ ಅಂತ ಇದೆ. ಊರ ಮಧ್ಯದ ಹಳ್ಳ, ಹಾಳಾಗಿತ್ತು. 1990ರ ದಶಕದ ಕೊನೆಯಲ್ಲಿ ಸಿಯಾಟಲ್‌ನವರು ಇಂಥ ಹಳ್ಳಗಳಿಗೆ ದುಡ್ಡು ಸುರಿದರು. ಕಸ ತೆಗೆದರು, ಮರದ ದಿಮ್ಮಿ ಹಾಕಿದರು, ಗಿಡ ನೆಟ್ಟರು. ಕೋಹೋ ವಾಪಸ್ ಬಂದವು. ಎಲ್ಲರಿಗೂ ಖುಷಿ. ನೋಡೋಕೆ ಹೋದರೆ ಮೀನು ನೀರಿನ ಮೇಲೆ ಬಂದು ಬಾಯಿ ಕಳೆದುಕೊಂಡು ಗಿರಗಿರ ಸುತ್ತುತ್ತಿವೆ, ರೆಕ್ಕೆ ಅಗಲ ಮಾಡಿಕೊಂಡು ಮಗ್ಗುಲಿಗೆ ಬೀಳುತ್ತಿವೆ, ಕೆಲವೇ ಗಂಟೆಯಲ್ಲಿ ಸಾಯುತ್ತಿವೆ. ಮೊಟ್ಟೆ ಇಟ್ಟು ಸತ್ತರೆ ಅದು ಸಹಜ. ಇವುಗಳ ಹೊಟ್ಟೆ ಸೀಳಿದರೆ ಮೊಟ್ಟೆ ಹಾಗೇ ಇದೆ, ಒಂದೂ ಹೊರಗೆ ಬಂದಿಲ್ಲ. ಪಕ್ಕದಲ್ಲೇ ಚಮ್ ಆರಾಮಾಗಿ ಓಡಾಡಿಕೊಂಡಿದೆ!

ಬರೀ ಹಳ್ಳದ ದಡದಲ್ಲಿ ಬಿದ್ದ ಮೀನನ್ನ ಎಣಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಸಾಲ್ಮನ್ ಬಂತು, ಸತ್ತಿತು, ಸರಿ ಅಂತ ಬಿಟ್ಟುಬಿಡುತ್ತಿದ್ದರು. ಹೊಟ್ಟೆ ಸೀಳಿ ನೋಡಿದ್ದಕ್ಕೆ ಗೊತ್ತಾಯಿತು. ಕ್ಯಾಮರಾ ಇದನ್ನ ಮಾಡೋದಿಲ್ಲ ಸರ್. 2002ರಿಂದ 2009ರ ತನಕ ಈ ಭಾಗದ ಊರೊಳಗಿನ ಹಳ್ಳಗಳಲ್ಲಿ ವಿಜ್ಞಾನಿಗಳು ವರ್ಷ ವರ್ಷ ಲೆಕ್ಕ ಇಟ್ಟರು. ಕೆಲವು ಹಳ್ಳಗಳಲ್ಲಿ ನೂರಕ್ಕೆ ಅರವತ್ತರಿಂದ ನೂರರ ತನಕ ಹೆಣ್ಣು ಕೋಹೋ ಮೊಟ್ಟೆ ಇಡದೇ ಸಾಯುತ್ತಿದ್ದವು. ಕಾಡಿನ ಹಳ್ಳದಲ್ಲಿ ಈ ಕಾಟ ಇಲ್ಲ. ನಿಮ್ಮ ಮಿಲ್ಲರ್, ವಾಕರ್ ಕ್ರೀಕುಗಳಲ್ಲಿ ಜನ ವರ್ಷ ವರ್ಷ ಚಳಿಯಲ್ಲಿ ನಡೆದು ಬರೆದುಕೊಳ್ಳುವುದು ಇದೇ ಲೆಕ್ಕ ಮೇಡಂ. ಎಷ್ಟು ಹೆಣ್ಣು ಬಂದವು, ಎಷ್ಟು ಹೆತ್ತು ಸತ್ತವು, ಎಷ್ಟು ಹೆರದೇ ಸತ್ತವು.

ಕಾರಣ ಹುಡುಕೋಕೆ ಬಹಳ ವರ್ಷ ಹಿಡಿಯಿತು. ನೀರು ಬಿಸಿಯಾಗಿದೆಯಾ, ಇಲ್ಲ. ಆಮ್ಲಜನಕ ಕಡಿಮೆಯಾ, ಇಲ್ಲ. ರೋಗವಾ, ಕೀಟನಾಶಕವಾ, ಲೋಹವಾ, ಒಂದೊಂದಾಗಿ ಎಲ್ಲ ಕೈಬಿಟ್ಟರು. ಗೊತ್ತಿದ್ದದ್ದು ಇಷ್ಟೇ. ಮಳೆ ಬಂದು ರಸ್ತೆ ನೀರು ಹಳ್ಳಕ್ಕೆ ಇಳಿದಾಗ ಸಾಯುತ್ತವೆ. ಅದೇ ರಸ್ತೆ ನೀರನ್ನ ಮರಳು, ಗೊಬ್ಬರದ ಮಣ್ಣಿನಲ್ಲಿ ಸೋಸಿ ಬಿಟ್ಟರೆ ಮೀನು ಬದುಕುತ್ತವೆ. ಕೊನೆಗೆ ಟಕೋಮಾದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಪ್ಯುಯಾಲಪ್‌ನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಸೇರಿ ಕಾರಿನ ಟೈರ್ ತುರಿದು, ನೆನೆಸಿ, ಆ ನೀರಿನಲ್ಲಿದ್ದ ಸಾವಿರಾರು ರಾಸಾಯನಿಕಗಳನ್ನ ಸೋಸುತ್ತಾ ಸೋಸುತ್ತಾ ಒಂದಕ್ಕೆ ತಂದರು. 18 ಇಂಗಾಲ, 22 ಹೈಡ್ರೋಜನ್, 2 ಸಾರಜನಕ, 2 ಆಮ್ಲಜನಕ. ಅದು ಯಾವ ಪಟ್ಟಿಯಲ್ಲೂ ಇಲ್ಲ. ಆಮೇಲೆ ಹೊಳೆಯಿತು, ಟೈರ್ ಬಿರುಕು ಬಿಡದೇ ಇರಲಿ ಅಂತ ರಬ್ಬರಿಗೆ 6ಪಿಪಿಡಿ ಅಂತ ಒಂದು ವಸ್ತು ಹಾಕುತ್ತಾರೆ, ಅದು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿದರೆ ಇದಾಗುತ್ತದೆ. ಹೆಸರು 6ಪಿಪಿಡಿ ಕ್ವಿನೋನ್. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2023ರಲ್ಲಿ ಮೂರು ಮೂಲನಿವಾಸಿ ಬುಡಕಟ್ಟುಗಳು ಅರ್ಜಿ ಹಾಕಿ, ಇದಕ್ಕೆ ನಿಯಮ ಮಾಡಿ ಅಂತ ಕೇಳಿದವು, ಕೇಂದ್ರದ ಪರಿಸರ ಸಂಸ್ಥೆ ಆ ಅರ್ಜಿಯನ್ನ ಒಪ್ಪಿಕೊಂಡಿತು.

ಇನ್ನು ಹ್ಯಾಚರಿ. ಹ್ಯಾಚರಿಯಲ್ಲಿ ಹುಟ್ಟಿದ ಕೋಹೋಗೂ ಇದೇ ವಿಷ, ಅದಕ್ಕೇನು ರಿಯಾಯಿತಿ ಇಲ್ಲ. ಇಲ್ಲಿನ ಪ್ಯುಜೆಟ್ ಸೌಂಡ್ ಅನ್ನುವ ಸಮುದ್ರದ ಕೊಲ್ಲಿಯ ಚಿನೂಕ್ 1999ರಿಂದ ಅಳಿವಿನ ಭಯ ಇರುವ ಪಟ್ಟಿಯಲ್ಲಿದೆ, ಇಷ್ಟು ಹ್ಯಾಚರಿ ಇದ್ದೂ. ಆಮೇಲೆ ಮೋರಿಗಳ ವಿಷಯ. ರಸ್ತೆ ಕೆಳಗೆ ಹಾಕಿದ ಮೋರಿ ಎತ್ತರದಲ್ಲಿದ್ದರೆ, ಇಲ್ಲ ಕಿರಿದಾಗಿ ನೀರಿನ ಸೆಳೆತ ಜಾಸ್ತಿ ಇದ್ದರೆ ಮೀನು ಹತ್ತೋಕೆ ಆಗೋದಿಲ್ಲ. ಇಲ್ಲಿನ ಬುಡಕಟ್ಟುಗಳು 2001ರಲ್ಲಿ ಕೋರ್ಟಿಗೆ ಹೋದವು. ಹಿಂದೆ ಸರ್ಕಾರ ಬುಡಕಟ್ಟುಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮೀನು ಹಿಡಿಯುವ ಹಕ್ಕು ಕೊಟ್ಟು, ಮೀನೇ ಬರದ ಹಾಗೆ ಮೋರಿ ಕಟ್ಟಿದರೆ ಆ ಹಕ್ಕು ಏನು ಮಾಡೋಕೆ ಅಂತ ಅವರ ವಾದ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಾಲ್ಕಕ್ಕೆ ನಾಲ್ಕು ಸಮ ಆಗಿ ಬುಡಕಟ್ಟುಗಳ ಪರವಾಗಿದ್ದ ಕೆಳಗಿನ ತೀರ್ಪೇ ಉಳಿಯಿತು. ರಾಜ್ಯ ಈಗ ನೂರಾರು ಮೋರಿ ಕಿತ್ತು ದೊಡ್ಡದು ಹಾಕುತ್ತಿದೆ. ಹೊಸ ಮೋರಿ ದಾಟಿ ಮೀನು ಮೇಲೆ ಹೋಯಿತೋ ಇಲ್ಲವೋ ಅಂತ ಯಾರಾದರೂ ಹೋಗಿ ನೋಡಬೇಕಲ್ಲ. ನಾವು ಬರೆದ ಹಳೇ ಸೊನ್ನೆಗಳು ಆಗ ಉಪಯೋಗಕ್ಕೆ ಬರುತ್ತವೆ.


ಆಗುಂಬೆ ಮಳೆ · ಅಕ್ಟೋಬರ್ 8

ಅತ್ತೆಯವರ ಹತ್ತುಮೀನಿನ ಮಾತು ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಓಲಿಂಪಿಯಾದಲ್ಲಿ ಇದ್ದೇನೆ, ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜೂನ್‌ನಲ್ಲಿ ಮೊದಲ ಜೋರು ಮಳೆ ಹೊಡೆದು ಹಳ್ಳ ಕೆಂಪಾಗಿ ಬಂತು ಅಂದರೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ, ಮೊಟ್ಟೆ ಇಡೋಕೆ. ಅದೇ ಹತ್ತುಮೀನು. ರಾತ್ರಿ ಕಂಬಳಿಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಕತ್ತಿ. ನಮ್ಮಪ್ಪ ಗದ್ದೆ ಅಂಚಿನಲ್ಲಿ ಕಾಲು ಅಲುಗಿಸದೆ ನಿಲ್ಲುತ್ತಿದ್ದರು, ನೀರು ಸ್ವಲ್ಪ ಅಲ್ಲಾಡಿದರೆ ಸಾಕು, ಕತ್ತಿ ಇಳಿಯುತ್ತಿತ್ತು. ಸಿಕ್ಕಿದ್ದರಲ್ಲಿ ಜಾಸ್ತಿ ಮೊಟ್ಟೆ ತುಂಬಿದ ಹೆಣ್ಣುಗಳೇ. ಆ ಸಾರಿನ ರುಚಿ ನನಗೆ ಇನ್ನೂ ನೆನಪಿದೆ, ಸುಳ್ಳು ಯಾಕೆ ಹೇಳಲಿ. ಈಗ ಊರಿಗೆ ಫೋನ್ ಮಾಡಿದರೆ ‘ಮೀನೇ ಹತ್ತೋದಿಲ್ಲ ಮಾರಾಯ’ ಅನ್ನುತ್ತಾರೆ. ಹೊಟ್ಟೆ ತುಂಬ ಮೊಟ್ಟೆ ಇರುವುದನ್ನೇ ಆರಿಸಿ ತಿಂದವರು ನಾವೇ ಅಲ್ವಾ?

ಒಂದು ವ್ಯತ್ಯಾಸ ಇದೆ ಅಂತ ಅತ್ತೆಯವರಿಗೆ ಹೇಳಿ. ನಮ್ಮ ಮೀನು ಮೊಟ್ಟೆ ಇಟ್ಟು ಹೊಳೆಗೆ ವಾಪಸ್ ಇಳಿಯುತ್ತದೆ. ಈ ಸಾಲ್ಮನ್‌ಗೆ ವಾಪಸ್ ದಾರಿ ಇಲ್ಲ. ಸಿಹಿನೀರಿಗೆ ಬಂದ ಮೇಲೆ ಊಟವೇ ಬಿಟ್ಟುಬಿಡುತ್ತದೆ, ಮೈಯಲ್ಲಿದ್ದ ಕೊಬ್ಬನ್ನೇ ಸುಟ್ಟುಕೊಂಡು ಹತ್ತುತ್ತದೆ. ನವೆಂಬರ್ ಕೊನೆಗೆ ನೋಡಿದರೆ ಮೈ ಮೇಲೆ ಬಿಳೀ ಬೂಷ್ಟು, ಬಾಲ ಕಲ್ಲಿಗೆ ಬಡಿದು ಬಡಿದು ಮೂಳೆ ಕಾಣುತ್ತಿರುತ್ತದೆ. ಆದರೂ ಹೆಣ್ಣು ಗೂಡು ಬಿಟ್ಟು ಹೋಗೋದಿಲ್ಲ, ಬೇರೆ ಹೆಣ್ಣು ಹತ್ತಿರ ಬಂದರೆ ಅಟ್ಟುತ್ತದೆ.

ಇನ್ನೊಂದು, ಇದು ಯಾರೂ ಹೇಳೋದಿಲ್ಲ, ನಾನು ಪೆಟ್ಟು ತಿಂದು ಕಲಿತದ್ದು. ನಾಯಿ ಇದ್ದರೆ ಹಳ್ಳದ ಹತ್ತಿರ ಹಗ್ಗ ಬಿಚ್ಚಬೇಡಿ. ನಮ್ಮ ಟಾಮಿ ಒಂದು ಸಲ ದಡದಲ್ಲಿ ಬಿದ್ದಿದ್ದ ಸಾಲ್ಮನ್ ತುಂಡು ತಿಂದ. ನಾನು ‘ಮೀನು ತಾನೇ’ ಅಂದುಕೊಂಡೆ. ಒಂದು ವಾರ ಆದ ಮೇಲೆ ಜ್ವರ, ವಾಂತಿ, ಊಟ ಮುಟ್ಟಲಿಲ್ಲ. ಮೊದಲು ತೋರಿಸಿದ ಡಾಕ್ಟರು ಹೊಟ್ಟೆ ಕೆಟ್ಟಿದೆ ಅಂತ ಕಳಿಸಿದರು. ಎರಡನೆಯವರು ‘ಸಾಲ್ಮನ್ ತಿಂದಿದ್ದಾನಾ?’ ಅಂತ ಕೇಳಿದ್ದೇ ಕೇಳಿದ್ದು, ನನಗೆ ಎದೆ ಧಸಕ್ ಅಂತು. ಈ ಕಡೆಯ ಹಸಿ ಸಾಲ್ಮನ್‌ನಲ್ಲಿ ಒಂದು ಚಪ್ಪಟೆ ಹುಳು ಇರುತ್ತದೆ, ಆ ಹುಳುವಿನೊಳಗೆ ಒಂದು ಬ್ಯಾಕ್ಟೀರಿಯಾ. ಬೇಗ ಔಷಧಿ ಕೊಟ್ಟರೆ ವಾಸಿ, ತಡವಾದರೆ ನಾಯಿ ಉಳಿಯೋದಿಲ್ಲ. ಟಾಮಿ ಉಳಿದ. ಈಗಲೂ ಹಳ್ಳ ಕಂಡರೆ ಎಳೆಯುತ್ತಾನೆ, ಬುದ್ಧಿ ಬಂದಿಲ್ಲ.


ಇಸಾಕ್ವಾ ಅಕ್ಕ · ಅಕ್ಟೋಬರ್ 8

ಸಾಗರದವರೇ, ಸೇರುವ ಮುಂಚೆ ಒಂದು ಶನಿವಾರ ಅತ್ತೆಯವರನ್ನ ಇಸಾಕ್ವಾ ಹ್ಯಾಚರಿಗೆ ಕರೆದುಕೊಂಡು ಬನ್ನಿ. 1936ರಲ್ಲಿ ಕಟ್ಟಿದ್ದು. ಗಾಜಿನ ಕಿಟಕಿ ಇದೆ, ಮೀನು ನಿಮ್ಮ ಮುಖದ ಎದುರಿಗೇ ಬಂದು ನಿಲ್ಲುತ್ತದೆ, ಅಲ್ಲಿ ನೋಡಿದ ಮೇಲೆ ಹಳ್ಳದಲ್ಲಿ ಗುರುತಿಸೋದು ಸುಲಭ. ನಾನು ಅಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ವಿವರಿಸುವ ಕೆಲಸ ಮಾಡುತ್ತೇನೆ. ಅಕ್ಟೋಬರ್ ಮೊದಲ ವಾರದ ಸಾಲ್ಮನ್ ಜಾತ್ರೆ ಮುಗಿದಿದೆ, ಅದೇ ಒಳ್ಳೆಯದಾಯಿತು, ಆವತ್ತು ಗಾಡಿ ನಿಲ್ಲಿಸೋಕೂ ಜಾಗ ಇರೋದಿಲ್ಲ. ನವೆಂಬರಿನಲ್ಲಿ ಚಮ್ ನೋಡಬೇಕು ಅಂದರೆ ಸಿಯಾಟಲ್‌ನ ಕಾರ್ಕೀಕ್ ಪಾರ್ಕಿನ ಪೈಪರ್ಸ್ ಕ್ರೀಕ್. ಅಲ್ಲಿ ಮೂಲ ಮೀನು ಪೂರ್ತಿ ಹೋಗಿಬಿಟ್ಟಿತ್ತು, ಸುಕ್ವಾಮಿಶ್ ಬುಡಕಟ್ಟಿನವರು ಕೊಟ್ಟ ಮರಿಗಳಿಂದ ಮತ್ತೆ ಶುರುಮಾಡಿದ್ದು. ಅಲ್ಲೂ ಸ್ವಯಂಸೇವಕರು ನಿಂತಿರುತ್ತಾರೆ, ಏನು ಕೇಳಿದರೂ ಹೇಳುತ್ತಾರೆ.

ಸಾಕೈ ಗುರುತು ಹೇಳೋದು ಗಂಬೂಟು ಸರ್ ಮರೆತರು. ಮೈ ಕೆಂಪು, ತಲೆ ಹಸಿರು. ನಾನು ನಮ್ಮವರಿಗೆ ಹೇಳೋದು ಹೀಗೆ, ಕೆಂಪು ರೇಷ್ಮೆ ಸೀರೆಗೆ ಹಸಿರು ಸೆರಗು. ಯಾರೂ ಮರೆಯೋದಿಲ್ಲ.

ಹೋದ ವರ್ಷ ಒಂದು ಪುಟ್ಟ ಹುಡುಗಿ ಕೇಳಿತು, ‘ಅಪ್ಪ ಅಮ್ಮ ಇಬ್ಬರೂ ಸತ್ತರೆ ಮರಿಗೆ ಊಟ ಯಾರು ಕೊಡ್ತಾರೆ?’ ಅಂತ. ನಿಜವಾದ ಉತ್ತರ ಏನೆಂದರೆ, ಅಪ್ಪ ಅಮ್ಮನೇ ಕೊಡುತ್ತಾರೆ. ಸತ್ತ ಮೀನು ಕೊಳೆತು ನೀರಿನ ಹುಳುಗಳಿಗೆ ಊಟ ಆಗುತ್ತದೆ, ವಸಂತದಲ್ಲಿ ಕಲ್ಲಿನ ಸಂದಿಯಿಂದ ಹೊರಗೆ ಬರುವ ಮರಿ ಆ ಹುಳು ತಿನ್ನುತ್ತದೆ. ಕೋಹೋ ಮರಿ ಒಂದು ವರ್ಷಕ್ಕೂ ಜಾಸ್ತಿ ಹಳ್ಳದಲ್ಲೇ ಬೆಳೆಯುತ್ತದೆ. ಅದಕ್ಕೇ ಸತ್ತ ಮೀನನ್ನ ‘ಗಲೀಜು’ ಅಂತ ಎತ್ತಿ ಕಸದ ಡಬ್ಬಿಗೆ ಹಾಕಬೇಡಿ. ಹಾಗೆ ಮಾಡುವ ಪುಣ್ಯಾತ್ಮರು ಇದ್ದಾರೆ.


ಬೆಲ್‌ವ್ಯೂ ಬಡಪಾಯಿ · ಅಕ್ಟೋಬರ್ 9

ಗಂಬೂಟು ಸರ್, ಟೈರ್ ವಿಷಯ ನನಗೆ ಗೊತ್ತಿರಲಿಲ್ಲ, ರಾತ್ರಿ ಕೂತು ಹುಡುಕಿ ಓದಿದೆ. ಎಲೆಕ್ಟ್ರಿಕ್ ಕಾರು ತಗೊಂಡು ಇಲ್ಲಿನ ಪರಿಸರ ನಾನೇ ಉಳಿಸಿದ್ದು ಅಂದುಕೊಂಡಿದ್ದೆ. ಅದಕ್ಕೂ ಟೈರ್ ನಾಲ್ಕೇ, ತೂಕ ಬೇರೆ ಜಾಸ್ತಿ. ಆದರೂ ಸಾಯೋ ಮೀನು ನೋಡೋಕೆ ನಾನು ಬರೋದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನೀರು ನೇರ ಎಲ್ಲಿಗೆ ಹೋಗುತ್ತದೆ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳುತ್ತೇನೆ. ಮಣ್ಣಿನಲ್ಲಿ ಸೋಸುವ ಗುಂಡಿ ಮಾಡೋಕೆ ಜಾಗ ಇದೆ, ಈಗ ಅಲ್ಲಿ ಬರೀ ಹುಲ್ಲು.


ಸಾಗರದ ಸೊಸೆ · ನವೆಂಬರ್ 17

ಎಲ್ಲರಿಗೂ ಥ್ಯಾಂಕ್ಸ್, ತಡವಾಗಿ ಬರೆಯುತ್ತಿದ್ದೇನೆ. ಸೇರಿಕೊಂಡೆ. ಐದು ವಾರ ಆಯಿತು. ಅನುಮತಿ ಕೇಳಿ ಅತ್ತೆಯವರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಅವರು ದಡದ ಮೇಲೆ ದಾರಿಯಲ್ಲೇ ಇರುತ್ತಾರೆ.

ಮೊದಲ ವಾರ ಸೊನ್ನೆ. ಎರಡನೇ ವಾರ ಸೊನ್ನೆ. ಎರಡೂ ಸಲ ಹಾಳೆ ಕಳಿಸಿದೆ ಗಂಬೂಟು ಸರ್, ನಿಮ್ಮ ಮಾತು ನೆನಪಿತ್ತು. ಮೂರನೇ ವಾರದ ಹಿಂದಿನ ರಾತ್ರಿ ಜೋರು ಮಳೆ. ಬೆಳಿಗ್ಗೆ ಅತ್ತೆ ಎದ್ದವರೇ ಕಿಟಕಿ ಹತ್ತಿರ ನಿಂತು ‘ಇವತ್ತು ಹತ್ತುತ್ತವೆ ನೋಡು’ ಅಂದರು. ಹತ್ತಿದ್ದವು! ನಾಲ್ಕು ಚಮ್, ಆ ಹುಲಿವೇಷದ ಪಟ್ಟೆ ಕನ್ನಡಕ ಹಾಕಿದ್ದಕ್ಕೆ ಚೆನ್ನಾಗಿ ಕಂಡಿತು. ಎರಡು ಕೋಹೋ. ಅದರಲ್ಲಿ ಒಂದು ದಡದ ಹತ್ತಿರ ಬಾಯಿ ಕಳೆದು ಸುತ್ತುತ್ತಿತ್ತು. ನೀವು ಬರೆದ ಹಾಗೇ, ಅಕ್ಷರ ಅಕ್ಷರ. ನಾವು ನೋಡುತ್ತಿದ್ದ ಹಾಗೇ ಮಗ್ಗುಲಾಯಿತು. ತಂಡದ ಹಿರಿಯರು ಅದು ಸತ್ತ ಮೇಲೆ ಹೊಟ್ಟೆ ಸೀಳಿದರು. ನಾನು ಮುಖ ತಿರುಗಿಸಿಕೊಳ್ಳಬೇಕು ಅಂದುಕೊಂಡವಳು ನೋಡಿಬಿಟ್ಟೆ. ಎರಡು ಚೀಲ, ಒತ್ತಾಗಿ ತುಂಬಿದ ಮೊಟ್ಟೆ, ಕಿತ್ತಳೆ ಬಣ್ಣದ್ದು, ಒಂದೂ ಬಿಡಿಬಿಡಿ ಆಗಿಲ್ಲ. ಹಾಳೆಯಲ್ಲಿ ಬರೆಯುವಾಗ ಮಳೆ ಹನಿ ಬಿದ್ದು ಪೆನ್ಸಿಲ್ ಜಾರುತ್ತಿತ್ತು. ಆ ದಿನ ಮನೆಗೆ ಬಂದು ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ನಾಲ್ಕನೇ ವಾರ ಚಮ್ ಮಾತ್ರ. ಮೊನ್ನೆ ಐದನೇ ವಾರ ಸೇತುವೆಯಿಂದ ಸ್ವಲ್ಪ ಮೇಲೆ ಇನ್ನೊಂದು ಕೋಹೋ ಹೆಣ್ಣು ಸಿಕ್ಕಿತು, ಸತ್ತು ಒಂದು ದಿನ ಆಗಿತ್ತೇನೋ. ಬಾಲ ಸವೆದು ಬಿಳಿಯಾಗಿತ್ತು. ಈ ಸಲ ಹಾಳೆ ಇನ್ನೊಬ್ಬರಿಗೆ ಕೊಟ್ಟು ನಾನು ಗ್ಲೌಸ್ ಹಾಕಿಕೊಂಡು ಅಳತೆ ಟೇಪು ಹಿಡಿದೆ. ಸೀಳಿದಾಗ ಒಳಗೆ ಖಾಲಿ. ಮೂಲೆಯಲ್ಲಿ ಏಳೆಂಟು ಮೊಟ್ಟೆ ಅಂಟಿಕೊಂಡಿತ್ತು, ಬೇಯಿಸಿದ ಸಬ್ಬಕ್ಕಿ ತಪ್ಪಲೆಯ ತಳದಲ್ಲಿ ಉಳಿದ ಹಾಗೆ. ನಾನು ಮೇಲೆ ನೋಡಿ ಅತ್ತೆಗೆ ಕೂಗಿ ಹೇಳಿದೆ. ಅವರು ಕೊಡೆ ಹಿಡಿದುಕೊಂಡು ಅಲ್ಲಿಂದಲೇ ‘ಹೆತ್ತಿದೆ ಬಿಡು’ ಅಂದರು. ತಂಡದವರು ಏನಂದರು ಅಂತ ಕೇಳಿದರು, ಇಂಗ್ಲಿಷಿನಲ್ಲಿ ಹೇಳೋಕೆ ನನಗೆ ಸರಿಯಾಗಿ ಬರಲಿಲ್ಲ.

ಅಂದಹಾಗೆ ಅತ್ತೆಗೆ ದಡದ ಕೆಸರಿನಲ್ಲಿ ಚಪ್ಪಲಿ ಸಾಲುತ್ತಿಲ್ಲ. ಹೆಂಗಸರ 5ನೇ ಸೈಜಿನ ಗಂಬೂಟು ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಹೇಳಿ, ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ. ಡಿಸೆಂಬರ್ 20ಕ್ಕೆ ಊರಿಗೆ ಹೊರಡುತ್ತಾರೆ, ಅಲ್ಲಿಯ ತನಕ ನಾಲ್ಕು ವಾರ ಬಾಕಿ ಇದೆ.